ಸುರಂಗದೊಳಗೆ ದೊಡ್ಡ ಯಂತ್ರಗಳ ನಡುವೆ ಜೋಪಾನವಾಗಿ ಕೆಲಸ ಮಾಡುವುದು ಹೇಗೆ: ಇಳಿಯುವ ಬಾವಿಯಿಂದ (ಶಾಫ್ಟ್) ಕೊರೆಯುವ ತುದಿಯವರೆಗೆ (ಫೇಸ್) ಸಮಗ್ರ ಮಾರ್ಗದರ್ಶಿ

ಸುರಂಗಕ್ಕೆ ಮೊದಲ ಸಲ ಇಳಿದ ಹುಡುಗರೆಲ್ಲ ತಲೆ ಎತ್ತಿ ಮೇಲೆ ನೋಡುತ್ತಾರೆ. ಮಣ್ಣು ಕುಸಿದರೆ ಗತಿಯೇನು ಅನ್ನೋದು ಅವರ ಭಯ. ಆ ಭಯ ಸುಳ್ಳಲ್ಲ. ಆದರೆ ಇಷ್ಟು ವರ್ಷ ನೆಲದಡಿ ಶಿಫ್ಟ್ ಮಾಡಿದ ಮೇಲೆ ಹೊಸಬರಿಗೆ ನಾನು ಹೇಳುವ ಮೊದಲ ಮಾತು ಬೇರೆ. ಹಿಂದೆ ನೋಡಿ, ಪಕ್ಕಕ್ಕೆ ನೋಡಿ. ಮಣ್ಣು ಯಾವತ್ತೋ ಕುಸಿಯಬಹುದು. ಲೋಕೋ, ಅಂದರೆ ಮಣ್ಣು, ಸಾಮಾನು ಸಾಗಿಸುವ ಪುಟ್ಟ ರೈಲಿನ ಎಂಜಿನ್, ಮಾತ್ರ ದಿನಕ್ಕೆ ಹತ್ತಾರು ಸಲ ನಿಮ್ಮ ಮೊಣಕೈ ಪಕ್ಕದಲ್ಲೇ ಹಾದುಹೋಗುತ್ತದೆ.

ಬೆಂಗಳೂರಿನಲ್ಲಿ ಈ ಕೆಲಸ ಎಷ್ಟು ನಡೆದಿದೆ ಅನ್ನೋದು ಮೇಲೆ ಓಡಾಡುವವರಿಗೆ ಅಷ್ಟಾಗಿ ಗೊತ್ತಿಲ್ಲ. ನಮ್ಮ ಮೆಟ್ರೋ ಗುಲಾಬಿ ಮಾರ್ಗದಲ್ಲಿ ಡೇರಿ ಸರ್ಕಲ್‌ನಿಂದ ನಾಗವಾರದವರೆಗಿನ 13.76 ಕಿ.ಮೀ. ನೆಲದಡಿಯಲ್ಲಿದೆ. ಸ್ಟೇಷನ್‌ಗಳ ಜಾಗ ಬಿಟ್ಟು, ಹೋಗುವ ಬರುವ ಎರಡೂ ಸುರಂಗ ಸೇರಿ ಸುಮಾರು 21 ಕಿ.ಮೀ. ಕೊರೆದದ್ದು 9 ಟಿಬಿಎಂಗಳು, ಅಂದರೆ ನೆಲ ಕೊರೆಯುತ್ತಾ ಹಿಂದೆಯೇ ಸುರಂಗ ಕಟ್ಟುತ್ತಾ ಹೋಗುವ ಯಂತ್ರಗಳು. ಅವುಗಳಲ್ಲಿ ಊರ್ಜಾ ಅನ್ನುವ ಯಂತ್ರ 2021ರ ಸೆಪ್ಟೆಂಬರ್‌ನಲ್ಲಿ ಶಿವಾಜಿನಗರದಲ್ಲಿ ಗೋಡೆ ಒಡೆದು ಹೊರಬಂತು. ಕೊನೆಯದಾಗಿ ತುಂಗಾ 2024ರ ಅಕ್ಟೋಬರ್ ಕೊನೆಗೆ ನಾಗವಾರ ಮುಟ್ಟಿತು.

ಮುಗಿದ ಸುರಂಗದ ಒಳ ಅಗಲ 5.8 ಮೀಟರ್ ಅಷ್ಟೇ. ಕೆಲಸ ನಡೆಯುವಾಗ ಅಷ್ಟರಲ್ಲೇ ಲೋಕೋ ಹಳಿ, ನಡೆಯುವ ದಾರಿ, ಗಾಳಿಯ ಡಕ್ಟ್, ನೀರಿನ ಪೈಪ್, ಗ್ರೌಟ್ (ಸಂದಿ ತುಂಬುವ ಸಿಮೆಂಟ್ ಗಾರೆ) ಪೈಪ್, ಹೈ ಟೆನ್ಷನ್ ಕೇಬಲ್ ಎಲ್ಲ ಇರಬೇಕು. ಸರಿದು ನಿಲ್ಲಲು ಜಾಗವೇ ಇರುವುದಿಲ್ಲ. ಆದ್ದರಿಂದ ಈ ಬರಹದ ಎಲ್ಲ ಹೆಜ್ಜೆಗಳ ಹಿಂದೆ ಇರುವುದು ಒಂದೇ ನಿಯಮ: ಆಪರೇಟರ್‌ಗೆ ನೀವು ಕಾಣುತ್ತಿಲ್ಲ ಅಂತಲೇ ತಿಳಿದುಕೊಳ್ಳಿ. ಯಂತ್ರ ಓಡುವ ಹೊತ್ತಿನಲ್ಲಿ ಅದರ ದಾರಿಯಲ್ಲಿ ಮನುಷ್ಯ ಇರಬಾರದು. ಮನುಷ್ಯ ಅಲ್ಲಿರುವಾಗ ಯಂತ್ರ ಓಡಬಾರದು.

ಹೆಜ್ಜೆ 1: ಇಳಿಯುವ ಮುಂಚೆ

ಟೋಕನ್ ಬೋರ್ಡಿನಲ್ಲಿ ನಿಮ್ಮ ಟೋಕನ್ ಹಾಕಿ. ಮೇಲೆ ಬಂದಾಗ ತೆಗೆಯಿರಿ. ಒಳಗೆ ಬೆಂಕಿ ಹತ್ತಿದರೆ ಎಷ್ಟು ಜನ ಒಳಗಿದ್ದಾರೆ ಅನ್ನೋದಕ್ಕೆ ರಕ್ಷಣಾ ತಂಡಕ್ಕೆ ಸಿಗುವ ಲೆಕ್ಕ ಅದೊಂದೇ. ಗೆಳೆಯನ ಟೋಕನ್ ನೀವು ಹಾಕಬೇಡಿ. ಅವನು ಮೇಲೆ ಚಹಾ ಕುಡಿಯುತ್ತಾ ಇರುತ್ತಾನೆ, ಇನ್ಯಾರೋ ಅವನನ್ನು ಹುಡುಕಲು ಹೊಗೆಯೊಳಗೆ ನುಗ್ಗುತ್ತಾರೆ.

ಹೆಲ್ಮೆಟ್, ಅದರ ಗಲ್ಲದ ಪಟ್ಟಿ, ಸ್ಟೀಲ್ ಟೋ ಇರುವ ಗಮ್‌ಬೂಟ್, ಕೈಗವಸು, ಇಯರ್ ಪ್ಲಗ್, ತಲೆಯ ಲೈಟ್, ಹೊಳೆಯುವ ಜಾಕೆಟ್. ಜಾಕೆಟ್ ಬಗ್ಗೆ ಒಂದು ಮಾತು. ಮೂರು ದಿನ ಗ್ರೌಟ್, ಕೆಸರು ಮೆತ್ತಿದ ಮೇಲೆ ಅದರ ಪಟ್ಟಿ ಹೊಳೆಯುವುದಿಲ್ಲ. ಹಾಕಿದರೂ ಹಾಕದಂತೆಯೇ. ಶಿಫ್ಟ್ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಪಟ್ಟಿ ಒರೆಸಿಡಿ.

ಕೊರಳಿಗೆ ಟವೆಲ್ ಸುತ್ತಿಕೊಂಡು ಒಳಗೆ ಹೋಗಬೇಡಿ. ಬೆವರು ಜಾಸ್ತಿ, ಟವೆಲ್ ಬೇಕು ಅನಿಸುತ್ತದೆ, ನಿಜ. ಆದರೆ ಮಣ್ಣು ಸಾಗಿಸುವ ಬೆಲ್ಟಿನ ರೋಲರ್ ಟವೆಲ್ ತುದಿ ಹಿಡಿದರೆ ಬಿಡಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಕರವಸ್ತ್ರ ಜೇಬಿನಲ್ಲಿರಲಿ. ಉಂಗುರ, ಕಡಗ, ಸಡಿಲ ತೋಳಿನ ಅಂಗಿ ಕೂಡ ಬೇಡ.

ಹೆಜ್ಜೆ 2: ಶಾಫ್ಟ್ ತಳದಲ್ಲಿ

ಮೇಲಿನಿಂದ ಗ್ಯಾಂಟ್ರಿ ಕ್ರೇನ್ ಸೆಗ್ಮೆಂಟ್ (ಸುರಂಗದ ಗೋಡೆಗೆ ಜೋಡಿಸುವ ಕಾಂಕ್ರೀಟ್ ತುಂಡು) ಇಳಿಸುತ್ತಿರುತ್ತದೆ, ಕೆಳಗಿನಿಂದ ಮಕ್ (ಕೊರೆದು ತೆಗೆದ ಮಣ್ಣು, ಕಲ್ಲು) ತುಂಬಿದ ಬಕೆಟ್ ಎತ್ತುತ್ತಿರುತ್ತದೆ. ತೂಗಾಡುವ ಲೋಡ್ ಕೆಳಗೆ ಒಂದು ಕ್ಷಣವೂ ನಿಲ್ಲಬೇಡಿ, ಹಾಯಲೂ ಬೇಡಿ. ಶಾಫ್ಟ್ ತಳದಲ್ಲಿ ನಿಲ್ಲಲೆಂದೇ ಸೂರು ಇರುವ ಜಾಗ ಇರಬೇಕು. ಲೋಡ್ ನೆಲಕ್ಕೆ ಕೂರುವವರೆಗೆ ಅಲ್ಲೇ ಕಾಯಿರಿ.

ಕ್ರೇನ್ ಆಪರೇಟರ್‌ಗೆ ಸಿಗ್ನಲ್ ಕೊಡುವವನು ಒಬ್ಬನೇ ಆಗಿರಬೇಕು. ನಾಲ್ಕು ಜನ ನಾಲ್ಕು ಕಡೆಯಿಂದ ಕೈ ಬೀಸಿದರೆ ಅವನು ಯಾರ ಮಾತು ಕೇಳಬೇಕು? ಆದರೆ 'ನಿಲ್ಲಿಸು' ಅನ್ನುವ ಸಿಗ್ನಲ್ ಮಾತ್ರ ಯಾರು ಕೊಟ್ಟರೂ ನಿಲ್ಲಿಸಬೇಕು. ಲೋಡ್ ಕಟ್ಟುವ ಸ್ಲಿಂಗ್‌ನ ತಂತಿ ಬಿಚ್ಚಿಕೊಂಡಿದ್ದರೆ, ಬೆಲ್ಟ್ ಸ್ಲಿಂಗ್ ಹರಿದಿದ್ದರೆ, ಕೊಂಡಿಯ (ಷ್ಯಾಕಲ್) ಪಿನ್ ಪೂರ್ತಿ ಕೂರದಿದ್ದರೆ ಎತ್ತಬೇಡಿ. ಲೋಡ್ ತಿರುಗದಂತೆ ಹಿಡಿಯಲು ಟ್ಯಾಗ್‌ಲೈನ್ ಹಗ್ಗ ಬಳಸಿ. ಕೈಯಿಂದ ತಳ್ಳಬೇಡಿ.

ಹೆಜ್ಜೆ 3: ಲೋಕೋ ಇರುವ ದಾರಿಯಲ್ಲಿ ನಡೆಯುವುದು

ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ನನ್ನ ಕಣ್ಣೆದುರಿಗೇ ನಡೆದ ಘಟನೆಯೊಂದು ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ.

ನಾನು ಕೆಲಸ ಮಾಡುತ್ತಿದ್ದ ಒಂದು ಸೈಟ್‌ನಲ್ಲಿ, ರಾತ್ರಿ ಶಿಫ್ಟ್. ಮಕ್ ತುಂಬಿದ ಎರಡು ವ್ಯಾಗನ್‌ಗಳು ರೈಲಿನಿಂದ ಕಳಚಿಕೊಂಡು ಇಳಿಜಾರಿನಲ್ಲಿ ಉರುಳತೊಡಗಿದವು. ಮುಂದೆ ಹಳಿಯ ಮೇಲೆ ಜಾರ್ಖಂಡಿನ ಒಬ್ಬ ಹುಡುಗ ಬಗ್ಗಿ ಬೂಟಿಗೆ ಅಂಟಿದ ಕೆಸರು ಕೆರೆಯುತ್ತಿದ್ದ. ಕಿವಿಯಲ್ಲಿ ಪ್ಲಗ್, ತಲೆಯ ಮೇಲೆ ಗಾಳಿ ಡಕ್ಟಿನ ಸದ್ದು. ಉರುಳುವ ವ್ಯಾಗನ್‌ಗೆ ಹಾರ್ನ್ ಇರುವುದಿಲ್ಲ. ಸಿಗ್ನಲ್‌ಮನ್ ತನ್ನ ಟಾರ್ಚನ್ನು ನೇರ ಅವನ ಮುಖಕ್ಕೆ ಬಿಟ್ಟು ಕಿರುಚಿದ. ಹುಡುಗ ನಡೆಯುವ ದಾರಿಗೆ ಹಾರಿದ. ವ್ಯಾಗನ್‌ಗಳು ಅವನನ್ನು ದಾಟಿ ಹೋಗಿ ಸ್ಟಾಪರ್‌ಗೆ ಗುದ್ದಿ ನಿಂತವು. ಆಮೇಲೆ ಹೋಗಿ ವ್ಯಾಗನ್‌ಗಳನ್ನು ಜೋಡಿಸುವ ಕಪ್ಲಿಂಗ್ ನೋಡಿದೆ. ಪಿನ್ ಜಾರದಂತೆ ಹಾಕುವ ಕ್ಲಿಪ್ ಮುರಿದಿತ್ತು. ಅದರ ಬದಲು ಯಾರೋ ಬೈಂಡಿಂಗ್ ವೈರ್ ಎರಡು ಸುತ್ತು ಸುತ್ತಿದ್ದರು. ವೈರ್ ತುಂಡಾಗಿ ನೇತಾಡುತ್ತಿತ್ತು.

ಲೆಕ್ಕ ಹಾಕಿ ನೋಡಿ. ದಾರಿ 100 ಮೀಟರಿಗೆ 3 ಮೀಟರ್ ಇಳಿಯುತ್ತದೆ ಅಂದುಕೊಳ್ಳೋಣ. ನಿಂತು ನೋಡಿದರೆ ಸಮತಟ್ಟಾಗಿಯೇ ಕಾಣುತ್ತದೆ. ಆದರೆ 100 ಟನ್ ತೂಕದ ರೈಲನ್ನು ಆ ಇಳಿಜಾರು 3 ಟನ್ ಭಾರದಷ್ಟು ಬಲದಿಂದ ಕೆಳಗೆ ಎಳೆಯುತ್ತಲೇ ಇರುತ್ತದೆ. ತಡೆ ಇಲ್ಲದೆ 100 ಮೀಟರ್ ಉರುಳಿದರೆ ವೇಗ ಗಂಟೆಗೆ 25 ಕಿ.ಮೀ. ದಾಟುತ್ತದೆ. ಸುರಂಗದಲ್ಲಿ ಅದರಿಂದ ತಪ್ಪಿಸಿಕೊಳ್ಳುವ ಜಾಗ ಎಲ್ಲಿದೆ?

ಲೋಕೋ ಆಪರೇಟರ್ ಮತ್ತು ಅವನ ಸಹಾಯಕ ಪ್ರತಿ ಶಿಫ್ಟ್ ಶುರುವಿನಲ್ಲಿ ಮಾಡಬೇಕಾದದ್ದು:

- ಬ್ರೇಕ್ ಪರೀಕ್ಷೆ, ಅದೂ ಚಲಿಸಿ ನಿಲ್ಲಿಸಿ. ನಿಂತಲ್ಲೇ ಲಿವರ್ ಎಳೆದರೆ ಪರೀಕ್ಷೆ ಆಗುವುದಿಲ್ಲ.
- ಪ್ರತಿ ವ್ಯಾಗನ್ನಿನ ಕಪ್ಲಿಂಗ್ ಪಿನ್, ಅದರ ಕ್ಲಿಪ್, ಜೊತೆಗೆ ಸೇಫ್ಟಿ ಚೈನ್. ಕ್ಲಿಪ್ ಇಲ್ಲದಿದ್ದರೆ ರೈಲು ಹೊರಡಬಾರದು.
- ಹಾರ್ನ್, ಎರಡೂ ತುದಿಯ ಲೈಟ್, ಮುಂದಿನ ವ್ಯಾಗನ್ನಿನ ಕ್ಯಾಮೆರಾ. ಕ್ಯಾಮೆರಾದ ಗಾಜು ಒರೆಸಿದ್ದೀರಾ ನೋಡಿ.
- ನಿಲ್ಲಿಸಿದ ಮೇಲೆ ಪಾರ್ಕಿಂಗ್ ಬ್ರೇಕ್, ಜೊತೆಗೆ ಚಕ್ರಕ್ಕೆ ಕಬ್ಬಿಣದ ಸ್ಟಾಪರ್. ಎರಡೂ ಬೇಕು.

ನಡೆಯುವವರಿಗೆ ನಿಯಮ ಸರಳ. ನಡೆಯಲು ಮಾಡಿದ ದಾರಿಯಲ್ಲೇ ನಡೆಯಿರಿ, ಹಳಿ ನಡುವೆ ಬೇಡ. ಲೋಕೋ ಬರುವುದು ಕಂಡರೆ ನಿಲ್ಲಿ, ಬೆನ್ನನ್ನು ಗೋಡೆಗೆ ಕೊಟ್ಟು ಮುಖ ಅದರ ಕಡೆ ಮಾಡಿ, ಕೊನೆಯ ವ್ಯಾಗನ್ ದಾಟುವವರೆಗೆ ಕದಲಬೇಡಿ. ನಿಂತ ವ್ಯಾಗನ್‌ಗಳ ಸಂದಿಯಲ್ಲಿ ನುಸುಳಬೇಡಿ. ಮಕ್ ವ್ಯಾಗನ್ ಮೇಲೆ, ಕಪ್ಲಿಂಗ್ ಮೇಲೆ ನಿಂತು ಹೋಗುವುದಂತೂ ಬೇಡವೇ ಬೇಡ. ಜನರಿಗಾಗಿಯೇ ಮಾಡಿದ ಮ್ಯಾನ್ ರೈಡರ್ ಬಂದಾಗ ಹತ್ತಿ, ಇಲ್ಲದಿದ್ದರೆ ನಡೆಯಿರಿ. ಎಷ್ಟೋ ಕಡೆ ಒಳಗೆ ಹೋಗುವಾಗ ಲೋಕೋ ರೈಲನ್ನು ಹಿಂದಿನಿಂದ ತಳ್ಳುತ್ತದೆ. ಆಗ ಆಪರೇಟರ್ ಮುಂದೆ ಸಾಲು ವ್ಯಾಗನ್‌ಗಳು. ಅವನಿಗೆ ದಾರಿ ಕಾಣುವುದು ಒಂದು ಚಿಕ್ಕ ಪರದೆಯ ಮೇಲೆ ಮಾತ್ರ.

ಹೆಜ್ಜೆ 4: ರಿಂಗ್ ಕಟ್ಟುವಾಗ

ಸೆಗ್ಮೆಂಟ್‌ಗಳು ಸೇರಿ ಆಗುವ ಒಂದು ಸುತ್ತು ಗೋಡೆಯೇ ರಿಂಗ್. ಟಿಬಿಎಂ ಒಂದು ರಿಂಗಿನಷ್ಟು ಮುಂದೆ ಹೋದ ಮೇಲೆ ನಿಲ್ಲುತ್ತದೆ. ಆಗ ಎರೆಕ್ಟರ್ ಅನ್ನುವ ಯಂತ್ರದ ತೋಳು ಒಂದೊಂದೇ ಸೆಗ್ಮೆಂಟ್ ಹಿಡಿದು, ಸುತ್ತ ತಿರುಗಿಸಿ, ಜಾಗಕ್ಕೆ ಕೂರಿಸುತ್ತದೆ. ಮೆಟ್ರೋ ಸುರಂಗದ ಒಂದು ಸೆಗ್ಮೆಂಟ್ ಸುಮಾರು 3 ಟನ್ ತೂಗುತ್ತದೆ, ಅಂದರೆ ಮೂರು ಮಾರುತಿ ಕಾರುಗಳಷ್ಟು. ಅದು ನಿಮ್ಮ ತಲೆಯ ಮೇಲಿಂದ ಸುತ್ತು ಹಾಕಿ ಬರುತ್ತದೆ.

ಎರೆಕ್ಟರ್ ಆಪರೇಟರ್ ಸೊಂಟಕ್ಕೆ ರಿಮೋಟ್ ಕಟ್ಟಿಕೊಂಡು ನಿಂತಿರುತ್ತಾನೆ. ತಿರುಗಿಸುವ ಮುಂಚೆ ಅವನು ಮೂರು ಕೆಲಸ ಮಾಡಬೇಕು. ಸೈರನ್ ಒತ್ತಬೇಕು. ಕಟ್ಟುವ ಜಾಗದಲ್ಲಿರುವ ಪ್ರತಿಯೊಬ್ಬರನ್ನೂ ಕಣ್ಣಲ್ಲಿ ಎಣಿಸಬೇಕು. ಪ್ರತಿಯೊಬ್ಬರೂ ಕೈ ಎತ್ತಿ ತೋರಿಸಿದ ಮೇಲೆಯೇ ಜಾಯ್‌ಸ್ಟಿಕ್ ಮುಟ್ಟಬೇಕು. ನಾಲ್ಕು ಜನರಲ್ಲಿ ಮೂರು ಕೈ ಕಂಡರೆ ಮೂರು ಜನ ಸುರಕ್ಷಿತ ಅಂತ ಹೊರಡುವುದಲ್ಲ. ನಾಲ್ಕನೆಯವನು ಎಲ್ಲಿ ಅಂತ ಕೇಳಬೇಕು.

ಬೆರಳು ಹೋಗುವುದು ಇಲ್ಲೇ. ಎರಡು ಸೆಗ್ಮೆಂಟ್‌ಗಳು ಹತ್ತಿರ ಬಂದಾಗ ನಡುವೆ ಎರಡು ಇಂಚು ಸಂದಿ ಇರುತ್ತದೆ. ರಬ್ಬರ್ ಗ್ಯಾಸ್ಕೆಟ್ ಸ್ವಲ್ಪ ಸರಿದಿದೆ ಅನಿಸುತ್ತದೆ. ಅಲ್ಲಿ ಅಂಟಿದ ಕೆಸರು ಒರೆಸೋಣ ಅನಿಸುತ್ತದೆ. ಕೈ ತಾನಾಗಿಯೇ ಹೋಗುತ್ತದೆ. ಕೆಲಸದಲ್ಲಿ ಶ್ರದ್ಧೆ ಇರುವವನೇ ಇಲ್ಲಿ ಜಾಸ್ತಿ ಸಿಕ್ಕಿಕೊಳ್ಳುತ್ತಾನೆ ಅನ್ನೋದು ನನಗೆ ತುಂಬ ನೋವಿನ ವಿಷಯ. ಒರೆಸುವುದಿದ್ದರೆ ಸೆಗ್ಮೆಂಟ್ ದೂರ ಇರುವಾಗಲೇ ಒರೆಸಿ. ಹತ್ತಿರ ಬಂದ ಮೇಲೆ ಬೋಲ್ಟ್ ತೂತು ಸರಿಯಾಗಿದೆಯೇ ನೋಡಲು ಬೆರಳು ತೂರಿಸಬೇಡಿ, ಪೊಡ್ಜರ್ ಅನ್ನುವ ಚೂಪು ತುದಿಯ ಕಬ್ಬಿಣದ ಸಲಾಕೆ ಬಳಸಿ. ಗ್ಯಾಸ್ಕೆಟ್ ಸರಿದಿದ್ದರೆ 'ಹಿಂದೆ ತಗೋ' ಅನ್ನಿ. ಎರಡು ನಿಮಿಷ ಹೋದರೂ ಹೋಗಲಿ.

ಜ್ಯಾಕ್‌ಗಳ ವಿಷಯ. ಸೆಗ್ಮೆಂಟ್ ಕೂರಿಸಲು ಅಲ್ಲಿನ ಥ್ರಸ್ಟ್ ಜ್ಯಾಕ್‌ಗಳನ್ನು (ಕಟ್ಟಿದ ರಿಂಗನ್ನು ಒತ್ತಿ ಟಿಬಿಎಂ ಅನ್ನು ಮುಂದೆ ತಳ್ಳುವ ಹೈಡ್ರಾಲಿಕ್ ಜ್ಯಾಕ್‌ಗಳು) ಮಾತ್ರ ಹಿಂದೆಳೆಯಬೇಕು. ಸೆಗ್ಮೆಂಟ್ ಕೂತು, ಬೋಲ್ಟ್ ಬಿಗಿದು, ಜ್ಯಾಕ್‌ಗಳು ಮತ್ತೆ ಬಂದು ಒತ್ತುವವರೆಗೆ ಎರೆಕ್ಟರ್ ಹಿಡಿತ ಬಿಡಬಾರದು. ಜ್ಯಾಕ್ ಹೊರಬರುವಾಗ ಅದರ ಪಾದಕ್ಕೂ ಕಾಂಕ್ರೀಟಿಗೂ ನಡುವೆ ಸ್ಪ್ಯಾನರ್, ಮರದ ತುಂಡು, ಕಾಲು ಯಾವುದೂ ಇರಬಾರದು.

ಹೆಜ್ಜೆ 5: ರಿಪೇರಿಗೆ ಮುಂಚೆ ಬೀಗ

ಬೆಲ್ಟ್ ಸಿಕ್ಕಿಕೊಂಡಿದೆ, ಮಣ್ಣು ಹೊರತೆಗೆಯುವ ಸ್ಕ್ರೂ ಕನ್ವೇಯರ್‌ನಲ್ಲಿ ಕಲ್ಲು ಕೂತಿದೆ, ಗ್ರೌಟ್ ಪಂಪ್ ಬ್ಲಾಕ್ ಆಗಿದೆ. ದಿನಾ ಆಗುವ ಕೆಲಸಗಳು. ಬೆಂಗಳೂರಿನ ನೆಲದಲ್ಲಂತೂ ಮೆತ್ತನೆ ಮಣ್ಣಿನ ಪಕ್ಕದಲ್ಲೇ ಗಟ್ಟಿ ಗ್ರಾನೈಟ್ ಸಿಗುತ್ತದೆ. ಆದ್ದರಿಂದ ಕಲ್ಲು ಸಿಕ್ಕಿಕೊಳ್ಳುವುದು ಇನ್ನೂ ಜಾಸ್ತಿ. ಆಗ ಕೇಳಿಬರುವ ಮಾತು ಒಂದೇ: "ಅಣ್ಣಾ, ಎರಡು ನಿಮಿಷದ ಕೆಲಸ, ಸ್ವಿಚ್ ಆಫ್ ಮಾಡಿದ್ದೀನಿ ಬಿಡಿ."

ಸ್ವಿಚ್ ಆಫ್ ಮಾಡಿದರೆ ಸಾಲದು. 80, 100 ಮೀಟರ್ ಉದ್ದದ ಯಂತ್ರ ಅದು. ನೀವು ಒಂದು ತುದಿಯಲ್ಲಿ ಬೆಲ್ಟಿನೊಳಗೆ ಕೈ ಹಾಕಿರುತ್ತೀರಿ. ಇನ್ನೊಂದು ತುದಿಯಲ್ಲಿ ಇನ್ನೊಬ್ಬ, ಯಾರೂ ಇಲ್ಲ ಅಂದುಕೊಂಡು ಚಾಲೂ ಮಾಡುತ್ತಾನೆ. ಆದ್ದರಿಂದ ಹೀಗೆ ಮಾಡಿ:

1. ಪರ್ಮಿಟ್ ತೆಗೆದುಕೊಳ್ಳಿ, ಟಿಬಿಎಂ ಪೈಲಟ್‌ಗೆ ಬಾಯಲ್ಲೂ ಹೇಳಿ.
2. ಆ ಯಂತ್ರಕ್ಕೆ ಕರೆಂಟ್ ಕಡಿಯುವ ಮೇನ್ ಐಸೊಲೇಟರ್ ಆಫ್ ಮಾಡಿ, ನಿಮ್ಮ ಬೀಗ ಹಾಕಿ, ಹೆಸರು ಬರೆದ ಟ್ಯಾಗ್ ಕಟ್ಟಿ. ಕೀಲಿ ನಿಮ್ಮ ಜೇಬಿನಲ್ಲೇ ಇರಲಿ.
3. ಐದು ಜನ ಕೆಲಸ ಮಾಡುವುದಾದರೆ ಐದು ಬೀಗ. ಕೊನೆಯವನು ತೆಗೆಯುವವರೆಗೆ ಯಂತ್ರ ಚಾಲೂ ಆಗಬಾರದು.
4. ಚಾಲೂ ಬಟನ್ ಒತ್ತಿ ನೋಡಿ. ನಿಜಕ್ಕೂ ಸತ್ತಿದೆಯೇ?
5. ಒಳಗೆ ಉಳಿದ ಒತ್ತಡ ಬಿಡಿ. ಹೈಡ್ರಾಲಿಕ್ ಲೈನ್, ಗ್ರೌಟ್ ಲೈನ್, ಏರ್ ಲೈನ್ ಎಲ್ಲದರ ಗೇಜ್ ಸೊನ್ನೆಗೆ ಬರಲಿ.

ಐದನೆಯದನ್ನು ಮರೆಯುವವರೇ ಹೆಚ್ಚು. ಕಾರಿನ ಟಯರ್‌ನಲ್ಲಿ 2 ಬಾರ್ ಸುಮಾರಿಗೆ ಒತ್ತಡ ಇರುತ್ತದೆ. ಥ್ರಸ್ಟ್ ಜ್ಯಾಕಿನ ಲೈನ್‌ನಲ್ಲಿ ಅದು 300 ಬಾರ್ ದಾಟಬಹುದು. ಹೋಸ್‌ನಲ್ಲಿ ಸೂಜಿ ತೂತಿನಷ್ಟು ಸೀಳಿದ್ದರೂ ಎಣ್ಣೆ ಚರ್ಮ ತೂರಿ ಮಾಂಸದೊಳಗೆ ಹೋಗುತ್ತದೆ. ಲೀಕ್ ಎಲ್ಲಿದೆ ಅಂತ ಕೈ ಆಡಿಸಿ ಹುಡುಕಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಎಣ್ಣೆ ಒಳಹೊಕ್ಕರೆ ಗಾಯ ಇರುವೆ ಕಚ್ಚಿದಷ್ಟೇ ಕಾಣುತ್ತದೆ, ನೋವೂ ಅಷ್ಟಿರುವುದಿಲ್ಲ. ಬ್ಯಾಂಡೇಜ್ ಹಾಕಿ ಕೆಲಸಕ್ಕೆ ಕಳಿಸಬೇಡಿ. ಆ ಕ್ಷಣವೇ ಸರ್ಜನ್ ಇರುವ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಒತ್ತಡದಲ್ಲಿ ಎಣ್ಣೆ ಒಳಗೆ ಹೋಗಿದೆ ಅಂತ ವೈದ್ಯರಿಗೆ ಬಿಡಿಸಿ ಹೇಳಿ. ತಡವಾದರೆ ಬೆರಳು, ಕೆಲವೊಮ್ಮೆ ಕೈಯೇ ಹೋಗುತ್ತದೆ.

ಬೆಲ್ಟಿನ ಉದ್ದಕ್ಕೂ ಇರುವ ಎಮರ್ಜೆನ್ಸಿ ಹಗ್ಗ ಎಳೆದು ಪ್ರತಿ ಶಿಫ್ಟ್ ಪರೀಕ್ಷಿಸಿ. ಅದರ ಮೇಲೆ ಜಾಕೆಟ್ ಒಣಗಲು ಹಾಕಬೇಡಿ.

ಹೆಜ್ಜೆ 6: ಕಟರ್‌ಹೆಡ್ ಒಳಗೆ ಹೋಗುವಾಗ

ಕಟರ್‌ಹೆಡ್ ಅಂದರೆ ಟಿಬಿಎಂ ಮುಂತುದಿಯಲ್ಲಿ ತಿರುಗುತ್ತಾ ನೆಲ ಕೊರೆಯುವ ಚಕ್ರ. ಅದರ ಸವೆದ ಕಟರ್ ಬದಲಿಸಲು ಮನುಷ್ಯರೇ ಮುಂದಿನ ಚೇಂಬರ್‌ಗೆ ಹೋಗಬೇಕು. ಸುರಂಗದ ಎಲ್ಲ ಕೆಲಸಗಳಲ್ಲಿ ನಾನು ಹೆಚ್ಚು ಹೆದರುವುದು ಇದಕ್ಕೇ. ಹೆಡ್ ತಿರುಗಿಸುವ ಮೋಟಾರಿಗೆ ಹೆಜ್ಜೆ 5ರ ಬೀಗ ಬಿದ್ದಿರಬೇಕು. ಎದುರಿನ ಮಣ್ಣು ತಾನಾಗಿ ನಿಲ್ಲುತ್ತದೆಯೇ ಅಂತ ಭೂವಿಜ್ಞಾನಿ ನೋಡಿ ಸಹಿ ಹಾಕಿರಬೇಕು. ಗ್ಯಾಸ್ ಮೀಟರ್‌ನಲ್ಲಿ ಆಮ್ಲಜನಕ 19.5 ಶೇಕಡಾಕ್ಕಿಂತ ಕಡಿಮೆ ಇರಬಾರದು. ಬಾಗಿಲ ಬಳಿ ಒಬ್ಬ ಕಾವಲಿಗೆ ನಿಂತಿರಲೇಬೇಕು, ಅವನಿಗೆ ಬೇರೆ ಕೆಲಸ ಹೇಳಬಾರದು.

ನೆಲ ನಿಲ್ಲದ ಕಡೆ ಗಾಳಿಯ ಒತ್ತಡ ತುಂಬಿಸಿ ಒಳಗೆ ಹೋಗುತ್ತಾರೆ. ಅದಕ್ಕೆ ವೈದ್ಯಕೀಯ ತಪಾಸಣೆ ಪಾಸಾದ, ತರಬೇತಿ ಆದವರು ಮಾತ್ರ. ನೆಗಡಿ ಇದ್ದರೆ ಅವತ್ತು ಬೇಡ, ಕಿವಿಯ ತಮಟೆ ಹೋಗುತ್ತದೆ. ಹೊರಬರುವಾಗ ಮ್ಯಾನ್‌ಲಾಕ್ ಅನ್ನುವ ಮುಚ್ಚಿದ ಕೋಣೆಯಲ್ಲಿ, ಸಮಯದ ಪಟ್ಟಿ (ಟೇಬಲ್) ಹೇಳಿದಷ್ಟು ಹೊತ್ತು ಕೂತು ನಿಧಾನವಾಗಿ ಒತ್ತಡ ಇಳಿಸಬೇಕು. ಊಟಕ್ಕೆ ತಡವಾಯಿತು ಅಂತ ಅವಸರ ಮಾಡಿದರೆ ರಕ್ತದಲ್ಲಿ ಸಾರಜನಕದ ಗುಳ್ಳೆಗಳು ಏಳುತ್ತವೆ. ಮೇಲೆ ಬಂದ ಮೇಲೆ ಕೀಲು ನೋವು, ತಲೆಸುತ್ತು, ಕೈಕಾಲು ಜೋಮು ಬಂದರೆ ಮಲಗಿ ಸುಧಾರಿಸಿಕೊಳ್ಳುವುದಲ್ಲ, ಮ್ಯಾನ್‌ಲಾಕ್ ಕೆಲಸ ನೋಡಿಕೊಳ್ಳುವ ವೈದ್ಯರಿಗೆ ಹೇಳಬೇಕು.

ಹೆಜ್ಜೆ 7: ಸಿಡಿಸಿ ಕೊರೆಯುವ ಸುರಂಗದಲ್ಲಿ

ಬೆಟ್ಟದ ರಸ್ತೆ, ರೈಲು, ನೀರಾವರಿ ಸುರಂಗಗಳಲ್ಲಿ ಟಿಬಿಎಂ ಇಲ್ಲದೆ ಡ್ರಿಲ್ ಜಂಬೋ (ಬಂಡೆಯಲ್ಲಿ ತೂತು ಕೊರೆಯುವ ಯಂತ್ರ), ಸಿಡಿಮದ್ದು, ಎಕ್ಸ್‌ಕವೇಟರ್, ಡಂಪರ್‌ನಿಂದಲೇ ಕೆಲಸ ಜಾಸ್ತಿ. ಇಲ್ಲಿ ಕೆಲಸದ ಸರದಿಯೇ ಸುರಕ್ಷತೆ. ಸ್ಫೋಟ ಆದ ಮೇಲೆ ಮೊದಲು ಹೊಗೆ ಹೋಗಬೇಕು. ಆಮೇಲೆ ಬ್ಲಾಸ್ಟರ್ ಒಬ್ಬನೇ ಹೋಗಿ ಸಿಡಿಯದ ಮದ್ದು ಉಳಿದಿದೆಯೇ ನೋಡಬೇಕು. ಆಮೇಲೆ ಎಕ್ಸ್‌ಕವೇಟರ್ ಸಡಿಲ ಕಲ್ಲು ಕೆರೆದು ಬೀಳಿಸಬೇಕು. ಆಮೇಲೆ ಶಾಟ್‌ಕ್ರೀಟ್, ಅಂದರೆ ಗೋಡೆಗೆ ರಭಸದಿಂದ ಸಿಂಪಡಿಸುವ ಕಾಂಕ್ರೀಟ್. ಅದು ಸಾಕಷ್ಟು ಬಿಗಿಯುವವರೆಗೆ ಅದರ ಕೆಳಗೆ ಯಾರೂ ಕಾಲಿಡಬಾರದು. ಹಳೆಯ ತೂತಿನ ತಳದಲ್ಲೇ ಮತ್ತೆ ಡ್ರಿಲ್ ಹಾಕಬಾರದು, ಅಲ್ಲಿ ಮದ್ದಿನ ಚೂರು ಉಳಿದಿರಬಹುದು.

ಎಕ್ಸ್‌ಕವೇಟರ್ ಹತ್ತಿರ ಹೋಗಬೇಕಾದರೆ ದೂರದಿಂದಲೇ ಆಪರೇಟರ್‌ಗೆ ಲೈಟ್ ಆಡಿಸಿ. ಅವನು ಬಕೆಟ್ ನೆಲಕ್ಕಿಟ್ಟು, ಲಿವರ್‌ನಿಂದ ಕೈ ತೆಗೆದು ತೋರಿಸಿದ ಮೇಲೆ ಹೋಗಿ. ಹಿಂದಿನ ಕೌಂಟರ್‌ವೇಟ್ ಮತ್ತು ಗೋಡೆ ನಡುವಿನ ಸಂದಿಗೆ ಎಂದೂ ಹೋಗಬೇಡಿ. ಡಂಪರ್ ರಿವರ್ಸ್ ಬರುವಾಗ ಸಿಗ್ನಲ್ ಕೊಟ್ಟು ದಾರಿ ತೋರಿಸುವ ಬ್ಯಾಂಕ್ಸ್‌ಮನ್ ಬೇಕು. ಅವನು ಡ್ರೈವರ್ ಕನ್ನಡಿಯಲ್ಲಿ ಕಾಣುವ ಜಾಗದಲ್ಲಿ ನಿಲ್ಲಬೇಕು. ಅವನು ಕನ್ನಡಿಯಿಂದ ಮರೆಯಾದರೆ ಡ್ರೈವರ್ ಗಾಡಿ ನಿಲ್ಲಿಸಬೇಕು.

ಹೆಜ್ಜೆ 8: ಗಾಳಿ ಮತ್ತು ಬೆಂಕಿ

1998ರ ಕೇಂದ್ರ ನಿರ್ಮಾಣ ಕಾರ್ಮಿಕ ನಿಯಮಗಳು ಸುರಂಗದೊಳಗಿನ ಪ್ರತಿ ಕಾರ್ಮಿಕನಿಗೆ ನಿಮಿಷಕ್ಕೆ 6 ಘನ ಮೀಟರ್ ತಾಜಾ ಗಾಳಿ ಕೇಳಿದವು. ಡೀಸೆಲ್ ಯಂತ್ರ ಓಡುತ್ತಿದ್ದರೆ ಅದಕ್ಕೆ ಬೇರೆಯೇ ಗಾಳಿ ಬೇಕು. ಡಕ್ಟ್ ಹರಿದಿದ್ದರೆ ಫ್ಯಾನ್ ಎಷ್ಟು ದೊಡ್ಡದಿದ್ದರೂ ಫೇಸ್‌ಗೆ ಗಾಳಿ ಮುಟ್ಟುವುದಿಲ್ಲ, ಆದ್ದರಿಂದ ಹರಿದದ್ದನ್ನು ಆ ಶಿಫ್ಟ್‌ನಲ್ಲೇ ಹೊಲಿಸಿ. ಪೆಟ್ರೋಲ್ ಎಂಜಿನ್ ಒಳಗೆ ತರಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಮೀಟರ್ ಹೇಳಿದ್ದನ್ನೇ ನಂಬಿ. ಹೊಗೆ ಬಂದರೆ ಸೆಲ್ಫ್ ರೆಸ್ಕ್ಯೂವರ್ (ಹೊಗೆಯಲ್ಲೂ ಉಸಿರಾಡಲು ಬಾಯಿಗೆ ಹಾಕುವ ಸಾಧನ) ಅನ್ನು ಕಣ್ಣು ಮುಚ್ಚಿಕೊಂಡು ಹಾಕಲು ಬರಬೇಕು. ತಿಂಗಳಿಗೊಮ್ಮೆ ಅಭ್ಯಾಸ ಮಾಡಿಸಿ.

ಹೆಜ್ಜೆ 9: ಅರ್ಥವಾಗುವ ಭಾಷೆಯಲ್ಲಿ ಹೇಳಿ

ನಮ್ಮ ಸುರಂಗಗಳಲ್ಲಿ ಕೆಲಸ ಮಾಡುವವರಲ್ಲಿ ಜಾರ್ಖಂಡ್, ಬಿಹಾರ, ಒಡಿಶಾ, ಬಂಗಾಳದ ಹುಡುಗರು ಬಹಳ. ನೀವು ಕನ್ನಡದಲ್ಲಿ, ಅರ್ಧ ಇಂಗ್ಲಿಷ್‌ನಲ್ಲಿ ಟೂಲ್‌ಬಾಕ್ಸ್ ಟಾಕ್ (ಕೆಲಸಕ್ಕೆ ಮುಂಚೆ ಕೊಡುವ ಸುರಕ್ಷತೆಯ ಸೂಚನೆ) ಕೊಟ್ಟರೆ ಅವರು ತಲೆಯಾಡಿಸುತ್ತಾರೆ, ಸಹಿ ಹಾಕುತ್ತಾರೆ, ಅಷ್ಟೇ. ಹೇಳಿದ ಮೇಲೆ ಅವರಿಂದ ಮಾಡಿಸಿ ನೋಡಿ. "ಎರೆಕ್ಟರ್ ತಿರುಗುವಾಗ ನೀನು ಎಲ್ಲಿ ನಿಲ್ತೀಯ, ತೋರಿಸು ಭಯ್ಯಾ" ಅನ್ನಿ. ಅವನು ತಪ್ಪು ಜಾಗ ತೋರಿಸಿದರೆ ಬೈಯಬೇಡಿ. ತಪ್ಪು ಟೂಲ್‌ಬಾಕ್ಸ್ ಟಾಕ್‌ನಲ್ಲೇ ಸಿಕ್ಕಿತಲ್ಲ, ಅದೇ ಒಳ್ಳೆಯದು. ಹಾರ್ನ್ ಎಷ್ಟು ಸಲ ಆದರೆ ಏನರ್ಥ ಅನ್ನುವುದು ಸೈಟ್‌ನಿಂದ ಸೈಟ್‌ಗೆ ಬದಲಾಗುತ್ತದೆ. ಬೇರೆ ಸೈಟ್‌ನಿಂದ ಬಂದ ಹಳಬರಿಗೂ ಮೊದಲ ದಿನವೇ ಹೇಳಿಕೊಡಿ.

ಹೆಜ್ಜೆ 10: ಕೆಟ್ಟದ್ದು ನಡೆದಾಗ

2023ರ ನವೆಂಬರ್ 12ರಂದು ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ಕುಸಿದು 41 ಕಾರ್ಮಿಕರು ಒಳಗೆ ಸಿಕ್ಕಿಕೊಂಡರು. 17ನೇ ದಿನ, 28ರ ರಾತ್ರಿ, ಎಲ್ಲರೂ ಜೀವಂತ ಹೊರಬಂದರು. ಅಷ್ಟು ದಿನ ಅವರನ್ನು ಉಳಿಸಿದ್ದು ಅವಶೇಷದ ಮೂಲಕ ಹಾದ ಪೈಪ್‌ಗಳು. ಗಾಳಿ, ಊಟ, ಮಾತು ಎಲ್ಲ ಅದರಲ್ಲೇ ಹೋಯಿತು. ಕೊರೆಯುವ ದೊಡ್ಡ ಆಗರ್ ಯಂತ್ರ ಕಬ್ಬಿಣಕ್ಕೆ ಸಿಕ್ಕಿ ಮುರಿದ ಮೇಲೆ, ಕೊನೆಯ ಕೆಲವು ಮೀಟರ್‌ಗಳನ್ನು ಕೈಯಲ್ಲಿ ಅಗೆದವರು ಇಲಿ ಬಿಲದಂಥ ಇಕ್ಕಟ್ಟಿನ ಗಣಿ ತೋಡುವ ರ‍್ಯಾಟ್ ಹೋಲ್ ಗಣಿ ಕಾರ್ಮಿಕರು. ತೆಲಂಗಾಣದ ಎಸ್‌ಎಲ್‌ಬಿಸಿ (ಶ್ರೀಶೈಲಂ ಎಡದಂಡೆ ಕಾಲುವೆ) ಸುರಂಗದಲ್ಲಿ 2025ರ ಫೆಬ್ರವರಿ 22ರಂದು ನೀರು, ಕೆಸರು ನುಗ್ಗಿತು. ಅಲ್ಲಿ ಸಿಕ್ಕಿಕೊಂಡ 8 ಜನ ಉಳಿಯಲಿಲ್ಲ.

ಆದ್ದರಿಂದ ದುರ್ಬಲ ನೆಲದ ಜಾಗ ಹಿಂದೆ ಬಿಟ್ಟು ಮುಂದೆ ಕೆಲಸ ಮಾಡುವಾಗ, ಆ ಜಾಗದುದ್ದಕ್ಕೂ ಮನುಷ್ಯ ತೆವಳಿ ಬರುವಷ್ಟು ದಪ್ಪದ ಪೈಪ್ ಹಾಕಿಸಿ. ಕೆಲಸ ಮುಗಿಯುವವರೆಗೆ ತೆಗೆಯಲು ಬಿಡಬೇಡಿ. ಫೇಸ್ ಹತ್ತಿರ ನೀರು, ಒಣ ತಿಂಡಿ, ಟಾರ್ಚ್, ವೈರ್ ಇರುವ ಫೋನ್ ಇಡಿಸಿ.

ಗೋಡೆಯಿಂದ ಬರುವ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಶಾಟ್‌ಕ್ರೀಟ್‌ನಲ್ಲಿ ಹೊಸ ಬಿರುಕು ಕಂಡರೆ, ಲೋಕೋ ಬ್ರೇಕ್ ಬೇರೆ ಥರ ಸದ್ದು ಮಾಡಿದರೆ, ಕೆಲಸ ನಿಲ್ಲಿಸಿ, ಜನರನ್ನು ಹಿಂದೆ ಕಳಿಸಿ, ಆಮೇಲೆ ಫೋನ್ ಮಾಡಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲೂ, ಜೀವಕ್ಕೆ ಅಪಾಯ ಇದೆ ಅನಿಸಿದಾಗ ಕಾರ್ಮಿಕ ಅದನ್ನು ಮಾಲೀಕರ ಗಮನಕ್ಕೆ ತರಬಹುದು, ಅಪಾಯ ನಿಜ ಅಂತ ಮನವರಿಕೆಯಾದರೆ ಅವರು ತಕ್ಷಣ ಸರಿಪಡಿಸಬೇಕು ಅಂತ ಇದೆ. ನಿಲ್ಲಿಸಿದ್ದಕ್ಕೆ ಯಾರಾದರೂ ರೇಗಿದರೆ, ಶಿಫ್ಟ್ ಪುಸ್ತಕದಲ್ಲಿ ಸಮಯ, ರಿಂಗ್ ನಂಬರ್, ಕಂಡದ್ದು ಏನು ಅಂತ ಬರೆದು ಸಹಿ ಹಾಕಿ.

ಆ ಬೈಂಡಿಂಗ್ ವೈರ್ ಸುತ್ತಿದ ಕಪ್ಲಿಂಗ್ ಬಗ್ಗೆ ನಾನು ಹಾಗೆಯೇ ಬರೆದೆ. ಎರಡು ದಿನ ರೈಲು ನಿಂತಿತು, ನನ್ನ ಮೇಲೆ ಕೂಗಾಟ ಆಯಿತು. ಮೂರನೇ ದಿನ ಹೊಸ ಕ್ಲಿಪ್‌ಗಳ ಡಬ್ಬ ಬಂತು, ಜೊತೆಗೆ ಪ್ರತಿ ವ್ಯಾಗನ್‌ಗೂ ಸೇಫ್ಟಿ ಚೈನ್. ಆ ಹುಡುಗನೇ ಕೂತು ಒಂದೊಂದೇ ಕ್ಲಿಪ್ ಹಾಕಿದ, ಪ್ರತಿಯೊಂದನ್ನೂ ಎರಡು ಸಲ ಎಳೆದು ನೋಡಿದ.